ಏರೋ ಕ್ಲಬ್‌ನವರು ಇಸ್ರೋ ಪರೀಕ್ಷಾ ಕೇಂದ್ರ ನೋಡಲು ಹೋಗುವುದು ಹೇಗೆ? ಅರ್ಜಿಯಿಂದ ಥರ್ಮೋವ್ಯಾಕ್ ಚೇಂಬರ್ ತನಕ

ಕಾಲೇಜಿನ ಏರೋ ಕ್ಲಬ್ ನಡೆಸುವವರು, ಆರ್‌ಸಿ (ರೇಡಿಯೊ ಕಂಟ್ರೋಲ್) ವಿಮಾನ ಹಾರಿಸುವವರು, ರಜೆ ದಿನ ಜಕ್ಕೂರಿನ ರನ್‌ವೇ ಕಡೆ ಮುಖ ಮಾಡಿ ನಿಲ್ಲುವವರು, ಎಲ್ಲರೂ ಕೇಳುವುದು ಒಂದೇ. ನಮ್ಮ ಕ್ಲಬ್ಬಿನವರನ್ನು ಇಸ್ರೋ ಒಳಗೆ ಕರೆದುಕೊಂಡು ಹೋಗುವುದು ಹೇಗೆ? ಉಪಗ್ರಹಗಳನ್ನು ಪರೀಕ್ಷೆ ಮಾಡುವ ಜಾಗ ನೋಡಲು ಬಿಡುತ್ತಾರಾ? ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತೇನೆ.

ಬಿಡುತ್ತಾರೆ. ಆದರೆ ಮ್ಯೂಸಿಯಂ ಥರ ಟಿಕೆಟ್ ತೆಗೆದುಕೊಂಡು ನುಗ್ಗುವ ಜಾಗ ಅಲ್ಲ. ಗುಂಪು ಒಂದು ಸಂಸ್ಥೆಯ ಹೆಸರಲ್ಲಿ ಇರಬೇಕು, ಲಿಖಿತ ಅನುಮತಿ ಕೈಯಲ್ಲಿರಬೇಕು, ಯಾರು ಬರುತ್ತಾರೆ ಅನ್ನುವುದು ಮೊದಲೇ ಗೊತ್ತಿರಬೇಕು. ಇಷ್ಟೆಲ್ಲ ಆಗಿ ಒಳಗೆ ಹೋದ ಮೇಲೂ ನಿಮಗೆ ಸಿಗುವುದು ಗಾಜಿನ ಆಚೆಯಿಂದ ಕೆಲವೇ ನಿಮಿಷಗಳ ನೋಟ. ಕೈಯಲ್ಲಿ ಫೋನ್ ಇರುವುದಿಲ್ಲ, ಫೋಟೋ ಇರುವುದಿಲ್ಲ. ಹಾಗಾಗಿ ಏನು ನೋಡುತ್ತಿದ್ದೇವೆ ಎನ್ನುವುದು ತಲೆಯಲ್ಲಿ ಇಲ್ಲದಿದ್ದರೆ "ದೊಡ್ಡದೊಂದು ಸ್ಟೀಲ್ ಡ್ರಮ್ ಇತ್ತು" ಅನ್ನುವಷ್ಟೇ ನೆನಪು ಉಳಿಯುತ್ತದೆ. ಅದಕ್ಕೇ ಈ ಬರಹದಲ್ಲಿ ಅರ್ಜಿಗಿಂತ ಜಾಸ್ತಿ ಜಾಗವನ್ನು ಒಳಗೆ ಏನು ನೋಡಬೇಕು ಎನ್ನುವುದಕ್ಕೇ ಕೊಟ್ಟಿದ್ದೇನೆ.

1. ಯಾವ ಕೇಂದ್ರ ಎಂದು ಮೊದಲು ತೀರ್ಮಾನ ಮಾಡಿ

"ಇಸ್ರೋ ನೋಡಬೇಕು" ಅಂದರೆ ಸಾಲದು. ಬೆಂಗಳೂರಿನಲ್ಲಿ ಇಸ್ರೋ ಊರಿನ ಬೇರೆ ಬೇರೆ ಮೂಲೆಗಳಲ್ಲಿ ಹರಡಿಕೊಂಡಿದೆ. ಒಂದೊಂದು ಕೇಂದ್ರದ ಕೆಲಸ ಬೇರೆ, ಅನುಮತಿ ಕೊಡುವವರೂ ಬೇರೆ. ನ್ಯೂ ಬಿಇಎಲ್ ರಸ್ತೆಯ ಅಂತರಿಕ್ಷ ಭವನ ಪ್ರಧಾನ ಕಚೇರಿ. ಅಲ್ಲಿ ಪರೀಕ್ಷೆಗಳು ನಡೆಯುವುದಿಲ್ಲ. ಪೀಣ್ಯದ ಇಸ್ಟ್ರ್ಯಾಕ್ ಉಪಗ್ರಹಗಳ ಜೊತೆ ಮಾತಾಡುವ, ಅವುಗಳಿಗೆ ಆಜ್ಞೆ ಕಳಿಸುವ ಜಾಗ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಟಿವಿಯಲ್ಲಿ ಕಂಡ ಕಂಟ್ರೋಲ್ ರೂಮ್ ಅಲ್ಲಿಯದು. ಬ್ಯಾಲಾಳುವಿನಲ್ಲಿ 18 ಮೀಟರ್ ಮತ್ತು 32 ಮೀಟರ್ ಅಗಲದ ದೊಡ್ಡ ಆಂಟೆನಾಗಳಿವೆ.

ಪರೀಕ್ಷೆ ನೋಡಬೇಕೆಂದರೆ ನಿಮಗೆ ಬೇಕಾಗಿರುವುದು ಯು. ಆರ್. ರಾವ್ ಉಪಗ್ರಹ ಕೇಂದ್ರ. ಹಳೆ ಏರ್‌ಪೋರ್ಟ್ ರಸ್ತೆಯಲ್ಲಿ, ವಿಮಾನಪುರದಲ್ಲಿದೆ. ಉಡುಪಿಯ ಅದಮಾರಿನಲ್ಲಿ ಹುಟ್ಟಿದ ರಾವ್ ಅವರ ತಂಡ ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಕೂತು ಆರ್ಯಭಟ ಉಪಗ್ರಹ ಕಟ್ಟಿತು. ಅದು 1975ರ ಏಪ್ರಿಲ್ 19ರಂದು ಹಾರಿತು. ಆ ತಂಡ ಬೆಳೆದು ಈ ಕೇಂದ್ರ ಆಯಿತು, 2018ರಲ್ಲಿ ಅವರ ಹೆಸರು ಪಡೆಯಿತು. ಇದೇ ಕೇಂದ್ರದ ಇನ್ನೊಂದು ಭಾಗ ಮಾರತ್ತಹಳ್ಳಿ ಬಳಿಯ ಐಸೈಟ್. ದೊಡ್ಡ ಉಪಗ್ರಹಗಳನ್ನು ಜೋಡಿಸಿ, ಅಲ್ಲಾಡಿಸಿ, ಕಾಯಿಸಿ, ತಣ್ಣಗೆ ಮಾಡಿ ನೋಡುವ ಸೌಲಭ್ಯಗಳು ಒಂದೇ ಕಡೆ ಅಲ್ಲಿವೆ.

ಎಚ್ಚರ: ಈ ಎರಡು ಕ್ಯಾಂಪಸ್ಸುಗಳ ಗೇಟು ಬೇರೆ ಬೇರೆ, ಮಧ್ಯೆ ಇರುವುದು ಮಾರತ್ತಹಳ್ಳಿ ಟ್ರಾಫಿಕ್. ಅನುಮತಿ ಪತ್ರದಲ್ಲಿ ಯಾವ ಕ್ಯಾಂಪಸ್ ಎಂದು ಬರೆದಿದೆ ಎನ್ನುವುದನ್ನು ಬಸ್ ಡ್ರೈವರಿಗೂ ಸರಿಯಾಗಿ ಹೇಳಿ.

ವಿಮಾನದ ಹುಚ್ಚು ಇರುವವರಿಗೆ ಇನ್ನೊಂದು ಜಾಗವನ್ನು ತಪ್ಪದೇ ಹೇಳುತ್ತೇನೆ. ಎನ್‌ಎಎಲ್, ಅಂದರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಗೆ ಆ ಹೆಸರು ಬಂದಿರುವುದೇ ಅಲ್ಲಿನ ವಿಂಡ್ ಟನಲ್‌ನಿಂದ. ವಿಂಡ್ ಟನಲ್ ಅಂದರೆ ಮಾದರಿಯನ್ನು ಕದಲದಂತೆ ಹಿಡಿದು, ಅದರ ಮೇಲೆ ಗಾಳಿ ಹರಿಸಿ ಪರೀಕ್ಷಿಸುವ ಸುರಂಗ. ಅಲ್ಲಿನ 1.2 ಮೀಟರ್ ಟ್ರೈಸಾನಿಕ್ ಟನಲ್ 1967ರಿಂದ ಕೆಲಸ ಮಾಡುತ್ತಿದೆ. ಟ್ರೈಸಾನಿಕ್ ಅಂದರೆ ಶಬ್ದಕ್ಕಿಂತ ಕಡಿಮೆ ವೇಗ, ಶಬ್ದದ ಆಸುಪಾಸಿನ ವೇಗ, ಶಬ್ದಕ್ಕಿಂತ ಹೆಚ್ಚಿನ ವೇಗ, ಮೂರಕ್ಕೂ ಆಗುವಂಥದ್ದು. ಮ್ಯಾಕ್ 0.2ರಿಂದ 4ರವರೆಗೆ, ಅಂದರೆ ಶಬ್ದದ ವೇಗದ ಐದನೇ ಒಂದು ಭಾಗದಿಂದ ನಾಲ್ಕು ಪಟ್ಟಿನವರೆಗೆ. ನಮ್ಮ ರಾಕೆಟ್‌ಗಳ ಆಕಾರವನ್ನು ಗಾಳಿಯಲ್ಲಿ ಪರೀಕ್ಷಿಸಿದ್ದು ಇಲ್ಲೇ. ಒಂದು ಮಾತು ನೆನಪಿರಲಿ, ಎನ್‌ಎಎಲ್ ಇಸ್ರೋದ ಭಾಗ ಅಲ್ಲ, ಸಿಎಸ್‌ಐಆರ್‌ಗೆ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) ಸೇರಿದ್ದು. ಅದಕ್ಕೆ ಬೇರೆಯೇ ಅರ್ಜಿ.

2. ಅರ್ಜಿ ಬರೆಯಿರಿ, ಕಾರಣ ಬಿಡಿಸಿ ಹೇಳಿ

ಅರ್ಜಿ ನಿಮ್ಮ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಇರಲಿ, ಪ್ರಾಂಶುಪಾಲರ ಅಥವಾ ಮುಖ್ಯಸ್ಥರ ಸಹಿ, ಸೀಲು ಇರಲಿ. ಕೇಂದ್ರದ ನಿರ್ದೇಶಕರಿಗೆ ಬರೆದು, ಒಂದು ಪ್ರತಿಯನ್ನು ಸಾರ್ವಜನಿಕ ಸಂಪರ್ಕ ವಿಭಾಗಕ್ಕೂ ಕಳಿಸಿ. ವಿಳಾಸ, ಇಮೇಲ್ ಎಲ್ಲ ಆಯಾ ಕೇಂದ್ರದ ಅಧಿಕೃತ ಜಾಲತಾಣದಿಂದಲೇ ತೆಗೆದುಕೊಳ್ಳಿ. ವಾಟ್ಸಾಪಲ್ಲಿ ಓಡಾಡುವ ಹಳೆ ನಂಬರ್ ನಂಬಿಕೊಂಡು ಕೂರಬೇಡಿ. ಕಾಲೇಜಿಗೆ ಸೇರದ ಹವ್ಯಾಸಿ ಕ್ಲಬ್ ನಿಮ್ಮದಾಗಿದ್ದರೆ, ನೋಂದಾಯಿತ ಸಂಘದ ಲೆಟರ್‌ಹೆಡ್ ಬಳಸಿ, ಇಲ್ಲವೇ ಒಂದು ಕಾಲೇಜಿನ ಏರೋನಾಟಿಕಲ್ ವಿಭಾಗದ ಜೊತೆ ಸೇರಿ ಅರ್ಜಿ ಹಾಕಿ. ಎರಡನೆಯದೇ ಸುಲಭ ದಾರಿ.

ಒಂದೇ ದಿನಾಂಕ ಕೊಡಬೇಡಿ, ಎರಡು ಮೂರು ಕೊಡಿ. ಎಲ್ಲವೂ ವಾರದ ಕೆಲಸದ ದಿನಗಳಾಗಿರಲಿ. ಕನಿಷ್ಠ ಒಂದೆರಡು ತಿಂಗಳು ಮುಂಚೆ ಕಳಿಸಿ. ದೊಡ್ಡ ಉಡಾವಣೆ ಹತ್ತಿರ ಇದ್ದರೆ ಆ ವಾರಗಳನ್ನು ಬಿಟ್ಟುಬಿಡಿ, ಆಗ ಅಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.

ಇಲ್ಲಿ ಬಹಳ ಜನ ಎಡವುವುದು ಕಾರಣ ಬರೆಯುವಾಗ. "ವಿದ್ಯಾರ್ಥಿಗಳಿಗೆ ಬಾಹ್ಯಾಕಾಶದ ಬಗ್ಗೆ ಅರಿವು ಮೂಡಿಸುವ ಸಲುವಾಗಿ" ಅಂತ ಒಂದು ಸಾಲು ಹಾಕಿ ಕೈತೊಳೆದುಕೊಳ್ಳುತ್ತಾರೆ. ಆ ಸಾಲು ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ನೀವು ನಿಮ್ಮ ಕ್ಲಬ್ ಏನು ಮಾಡುತ್ತಿದೆ ಎಂದು ಬರೆಯಿರಿ. ಉದಾಹರಣೆಗೆ ಹೀಗೆ:

"ನಮ್ಮ ಕ್ಲಬ್ಬಿನ ಸದಸ್ಯರು ಎರಡು ಮೀಟರ್ ರೆಕ್ಕೆಯ ಮಾದರಿ ವಿಮಾನ ಕಟ್ಟಿ, ರೆಕ್ಕೆಯ ಕಂಪನವನ್ನು ಅಳೆಯುತ್ತಿದ್ದಾರೆ. ಉಪಗ್ರಹದ ಕಂಪನ ಪರೀಕ್ಷೆ ಹೇಗೆ ನಡೆಯುತ್ತದೆ, ಫಲಿತಾಂಶವನ್ನು ಹೇಗೆ ಓದುತ್ತಾರೆ ಎಂದು ತಿಳಿಯುವ ಆಸೆ ಇದೆ. ಸಾಧ್ಯವಾದರೆ ಕಂಪನ ಪರೀಕ್ಷಾ ಸೌಲಭ್ಯ ಮತ್ತು ಥರ್ಮೋವ್ಯಾಕ್ ಸೌಲಭ್ಯ ನೋಡಲು ಅವಕಾಶ ಮಾಡಿಕೊಡಬೇಕೆಂದು ಕೋರುತ್ತೇವೆ."

ಇಂಥ ಅರ್ಜಿ ಓದಿದವರಿಗೆ ನಿಮ್ಮನ್ನು ಯಾವ ವಿಭಾಗಕ್ಕೆ ಕಳಿಸಬೇಕು, ಯಾವ ಎಂಜಿನಿಯರ್ ಜೊತೆ ಮಾತಾಡಿಸಬೇಕು ಎನ್ನುವುದು ತಕ್ಷಣ ಗೊತ್ತಾಗುತ್ತದೆ. ಅವರ ಕೆಲಸ ನೀವು ಸುಲಭ ಮಾಡಿಕೊಟ್ಟಹಾಗೆ ಅಲ್ವಾ?

ಉತ್ತರ ತಡವಾದರೆ ಎರಡು ವಾರ ಬಿಟ್ಟು ಒಮ್ಮೆ ಫೋನ್ ಮಾಡಿ ವಿಚಾರಿಸಿ. ದಿನಾ ಫೋನ್ ಮಾಡಬೇಡಿ. "ನಾನು ಮಾಡಿಸಿಕೊಡ್ತೀನಿ, ಇಷ್ಟು ಕೊಡಿ" ಅನ್ನುವ ಮಧ್ಯವರ್ತಿ ಸಿಕ್ಕರೆ ಒಂದು ರೂಪಾಯಿಯನ್ನೂ ಕೊಡಬೇಡಿ.

3. ಹೆಸರಿನ ಪಟ್ಟಿ ಒಮ್ಮೆ ಕೊಟ್ಟರೆ ಮುಗಿಯಿತು

ಬರುವವರ ಪೂರ್ತಿ ಹೆಸರು, ವಯಸ್ಸು, ಗುರುತಿನ ಚೀಟಿಯ ವಿವರ, ಜೊತೆಗೆ ಬರುವ ಶಿಕ್ಷಕರ ಹೆಸರು, ವಾಹನದ ನಂಬರ್, ಡ್ರೈವರ್ ಹೆಸರು, ಇವೆಲ್ಲ ಪಟ್ಟಿಯಲ್ಲಿರಲಿ. ಹೆಸರು ಗುರುತಿನ ಚೀಟಿಯಲ್ಲಿ ಹೇಗಿದೆಯೋ ಹಾಗೇ ಇರಬೇಕು. ಮನೆಯಲ್ಲಿ, ಕ್ಲಬ್ಬಿನಲ್ಲಿ ಕರೆಯುವ ಹೆಸರು ಬರೆದು ಗೇಟಿನಲ್ಲಿ ಪರದಾಡುವವರು ಇದ್ದೇ ಇರುತ್ತಾರೆ. ಕ್ಲಬ್ಬಿನಲ್ಲಿ ವಿದೇಶಿ ಪ್ರಜೆ ಯಾರಾದರೂ ಇದ್ದರೆ ಮೊದಲ ಪತ್ರದಲ್ಲೇ ಸ್ಪಷ್ಟವಾಗಿ ತಿಳಿಸಿ, ಅವರಿಗೆ ಅನುಮತಿಯ ದಾರಿ ಬೇರೆ.

ಕೊನೇ ಗಳಿಗೆಯಲ್ಲಿ "ಇವನು ಬರಲಿಲ್ಲ, ಅವನ ಬದಲು ಇವಳನ್ನು ಕರ್ಕೊಂಡು ಬಂದಿದ್ದೀವಿ" ನಡೆಯುವುದಿಲ್ಲ. ಗೇಟಿನಲ್ಲಿ ನಿಂತ ಸಿಐಎಸ್‌ಎಫ್ ಸಿಬ್ಬಂದಿ ಪಟ್ಟಿ ನೋಡುತ್ತಾರೆ, ಪಟ್ಟಿಯಲ್ಲಿ ಇಲ್ಲದಿದ್ದರೆ ಹೊರಗೇ. ಅವರ ಜೊತೆ ವಾದ ಮಾಡಿ ಇಡೀ ಗುಂಪಿನ ಸಮಯ ಹಾಳು ಮಾಡಬೇಡಿ. ಗುಂಪು ಚಿಕ್ಕದಾದಷ್ಟೂ ಒಳ್ಳೆಯದು. ದೊಡ್ಡ ಗುಂಪಿನಲ್ಲಿ ಹಿಂದೆ ನಿಂತವರಿಗೆ ವಿವರಣೆ ಕೇಳಿಸುವುದೇ ಇಲ್ಲ.

4. ಆ ದಿನದ ತಯಾರಿ

ಇದನ್ನು ಬೇಗ ಮುಗಿಸುತ್ತೇನೆ. ಮೂಲ ಗುರುತಿನ ಚೀಟಿ ಎಲ್ಲರ ಕೈಯಲ್ಲೂ ಇರಲಿ, ಫೋನಿನಲ್ಲಿರುವ ಫೋಟೋ ಸಾಲದು, ಏಕೆಂದರೆ ಫೋನೇ ಗೇಟಿನಲ್ಲಿ ಉಳಿಯುತ್ತದೆ. ಕ್ಯಾಮೆರಾ, ಸ್ಮಾರ್ಟ್ ವಾಚ್, ಪೆನ್‌ಡ್ರೈವ್, ಲ್ಯಾಪ್‌ಟಾಪ್ ಮನೆಯಲ್ಲೇ ಬಿಟ್ಟು ಬನ್ನಿ. ಸಣ್ಣ ನೋಟ್‌ಪುಸ್ತಕ, ಪೆನ್ನು ಇಟ್ಟುಕೊಂಡು, ಒಳಗೆ ಒಯ್ಯಬಹುದಾ ಎಂದು ಗೇಟಿನಲ್ಲೇ ಕೇಳಿ. ಮುಚ್ಚಿದ ಶೂ ಹಾಕಿ. ಮಾರತ್ತಹಳ್ಳಿ, ಹಳೆ ಏರ್‌ಪೋರ್ಟ್ ರಸ್ತೆ ಎರಡೂ ಬೆಳಿಗ್ಗೆ ಹೇಗಿರುತ್ತವೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ, ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡೇ ಹೊರಡಿ.

ಒಂದು ಗಂಭೀರ ಎಚ್ಚರಿಕೆ. ಏರೋ ಕ್ಲಬ್‌ನವರ ಬ್ಯಾಗಿನಲ್ಲಿ ಸಾಮಾನ್ಯವಾಗಿ ಡ್ರೋನು, ಆರ್‌ಸಿ ಟ್ರಾನ್ಸ್‌ಮಿಟರ್, ಲೀಪೋ ಬ್ಯಾಟರಿ ಇರುತ್ತವೆ. ಯಾವುದನ್ನೂ ತರಬೇಡಿ. ಹೊರಗೆ ಬಂದ ಮೇಲೆ "ಇಲ್ಲೇ ಸ್ವಲ್ಪ ಮೇಲಿಂದ ಒಂದು ಶಾಟ್" ಅನ್ನುವ ಯೋಚನೆಯೂ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಕೆಂಪು ವಲಯದಲ್ಲಿ ಅನುಮತಿ ಇಲ್ಲದೆ ಹಾರಿಸುವುದು ಅಪರಾಧ. ಎಚ್‌ಎಎಲ್ ವಿಮಾನ ನಿಲ್ದಾಣವೂ ಪಕ್ಕದಲ್ಲೇ ಇದೆ.

5. ಹೋಗುವ ಮುಂಚೆ ಕ್ಲಬ್ಬಿನಲ್ಲಿ ಒಂದು ಸಂಜೆ ಕೂತು ಓದಿ

ಒಬ್ಬೊಬ್ಬರಿಗೆ ಒಂದೊಂದು ಪರೀಕ್ಷೆ ಹಂಚಿ. ಅವರು ಅದರ ಬಗ್ಗೆ ಓದಿಕೊಂಡು ಬಂದು ಉಳಿದವರಿಗೆ ಹತ್ತು ನಿಮಿಷ ಹೇಳಬೇಕು, ಜೊತೆಗೆ ಒಳಗೆ ಕೇಳುವ ಒಂದು ಪ್ರಶ್ನೆ ಬರೆದುಕೊಂಡಿರಬೇಕು. ಫೋನ್ ಇಲ್ಲದ ಜಾಗಕ್ಕೆ ಹೋಗುವುದರಿಂದ ನೋಡಿದ್ದನ್ನು ನೆನಪಿಟ್ಟುಕೊಳ್ಳುವ ಜವಾಬ್ದಾರಿಯೂ ಅವರದೇ. ಓದುವುದಕ್ಕೆ ಏನಿದೆ ಎಂದರೆ, ಮುಂದಿನ ಹಂತವನ್ನೇ ಮೊದಲ ಪಾಠ ಮಾಡಿಕೊಳ್ಳಿ.

6. ಒಳಗೆ ಏನನ್ನು, ಹೇಗೆ ನೋಡಬೇಕು

ಎಲ್ಲ ಸೌಲಭ್ಯಗಳನ್ನೂ ಒಂದೇ ದಿನ ತೋರಿಸುವುದಿಲ್ಲ. ಆ ದಿನ ಒಳಗೆ ಯಾವ ಉಪಗ್ರಹ ಇದೆ, ಅದು ಯಾವ ಹಂತದಲ್ಲಿದೆ ಎನ್ನುವುದರ ಮೇಲೆ ನಿಮ್ಮ ದಾರಿ ತೀರ್ಮಾನವಾಗುತ್ತದೆ. ಏನು ಸಿಕ್ಕರೂ ಅರ್ಥವಾಗುವ ಹಾಗೆ ಒಂದೊಂದಾಗಿ ಹೇಳುತ್ತೇನೆ.

ಕ್ಲೀನ್ ರೂಮ್. ಉಪಗ್ರಹ ಜೋಡಿಸುವ ಹಾಲ್. ದೊಡ್ಡ ಉಪಗ್ರಹಗಳ ಹಾಲ್‌ಗಳು ಸಾಮಾನ್ಯವಾಗಿ "ಕ್ಲಾಸ್ ಒಂದು ಲಕ್ಷ" ಮಟ್ಟದವು. ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಧೂಳಿನ ಕಣಗಳು ಒಂದು ಲಕ್ಷ ಮೀರಬಾರದು. ಒಳಗಿನವರು ಬಿಳಿ ಕೋಟು, ಟೋಪಿ, ಕೈಗವಸು ಹಾಕಿರುತ್ತಾರೆ. ಅವರ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿ, ಅದರಿಂದ ವೈರ್ ಎಳೆದಿರುವುದನ್ನು ಗಮನಿಸಿ. ನಮ್ಮ ಮೈಯಲ್ಲಿ ಸೇರಿಕೊಳ್ಳುವ ಸ್ಥಿರ ವಿದ್ಯುತ್ತನ್ನು ಅದು ನೆಲಕ್ಕೆ ಇಳಿಸುತ್ತದೆ. ಕೈಗೆ ಗೊತ್ತೇ ಆಗದಷ್ಟು ಸಣ್ಣ ಕಿಡಿ ಒಂದು ಚಿಪ್ಪನ್ನು ಸುಡಬಲ್ಲದು.

ಉಪಗ್ರಹದ ಮೇಲೆ ಹೊದಿಸಿರುವ ಬಂಗಾರದ ಬಣ್ಣದ ಹಾಳೆ ನೋಡಿ "ಇದು ನಿಜವಾದ ಚಿನ್ನಾನಾ?" ಅಂತ ಕೇಳದ ಗುಂಪೇ ಇಲ್ಲ. ಅದು ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆ. ಹಾಳೆಯ ಬಣ್ಣ ಜೇನಿನಂಥ ಹಳದಿ, ಹಿಂಬದಿಗೆ ಅಲ್ಯುಮಿನಿಯಂ ಲೇಪ ಇರುವುದರಿಂದ ಬಂಗಾರದಂತೆ ಹೊಳೆಯುತ್ತದೆ. ಹಲವು ಪದರಗಳನ್ನು ಒಂದರ ಮೇಲೊಂದು ಜೋಡಿಸಿ ಮಾಡಿದ ಹೊದಿಕೆ, ಶಾಖವನ್ನು ಒಳಗೂ ಹೊರಗೂ ಸುಲಭವಾಗಿ ದಾಟಲು ಬಿಡುವುದಿಲ್ಲ.

ತೂಕ ಮತ್ತು ಗುರುತ್ವ ಕೇಂದ್ರ. ವಿಮಾನದ ಲೋಡ್ ಶೀಟ್ (ತೂಕ ಎಲ್ಲೆಲ್ಲಿ ಎಷ್ಟು ಎಂದು ಬರೆದ ಹಾಳೆ) ನೋಡಿದವರಿಗೆ ಇದು ಮನೆಯ ವಿಷಯ. ಗುರುತ್ವ ಕೇಂದ್ರ ಹಿಂದಕ್ಕೆ ಸರಿದರೆ ವಿಮಾನ ಹತೋಟಿ ತಪ್ಪುತ್ತದೆ ಎನ್ನುವುದು ನಿಮಗೆ ಗೊತ್ತು. ಉಪಗ್ರಹದಲ್ಲಿ ರೆಕ್ಕೆ ಇಲ್ಲ, ಆದರೆ ಎಂಜಿನ್ ಇದೆ. ಅದರ ನೂಕುಬಲ ಗುರುತ್ವ ಕೇಂದ್ರದ ಮೂಲಕ ಹಾಯದಿದ್ದರೆ ಉಪಗ್ರಹ ತಿರುಗಲು ಶುರು ಮಾಡುತ್ತದೆ. ಅದನ್ನು ಸರಿಪಡಿಸಲು ಇಂಧನ ಖರ್ಚು, ಇಂಧನ ಹೋದಷ್ಟೂ ಆಯುಸ್ಸು ಕಡಿಮೆ. ಹಾಗಾಗಿ ತುಂಬ ನಿಖರವಾಗಿ ಅಳೆಯುತ್ತಾರೆ.

ಕಂಪನ ಪರೀಕ್ಷೆ. ನನ್ನ ಪ್ರಕಾರ ಏರೋ ಕ್ಲಬ್‌ನವರು ಅತಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಜಾಗ ಇದು. ಶೇಕರ್ ಎಂಬ ಯಂತ್ರದ ಮೇಲೆ ಉಪಗ್ರಹವನ್ನು ಬೋಲ್ಟ್ ಹಾಕಿ ಕೂರಿಸಿ ಅಲ್ಲಾಡಿಸುತ್ತಾರೆ. ಶೇಕರ್ ಕೆಲಸ ಮಾಡುವುದು ಧ್ವನಿವರ್ಧಕದ ತತ್ವದಲ್ಲೇ: ಕಾಂತಕ್ಷೇತ್ರದಲ್ಲಿರುವ ತಂತಿಯ ಸುರುಳಿಗೆ ವಿದ್ಯುತ್ ಕೊಟ್ಟರೆ ಅದು ಹಿಂದೆ ಮುಂದೆ ಓಡುತ್ತದೆ. ಇಲ್ಲಿ ಆ ಸುರುಳಿ ಟನ್‌ಗಟ್ಟಲೆ ಬಲ ಕೊಡುತ್ತದೆ. ಮೂರು ದಿಕ್ಕುಗಳಲ್ಲೂ ಬೇರೆ ಬೇರೆಯಾಗಿ ಅಲ್ಲಾಡಿಸಬೇಕು.

ನಿಜವಾದ ಜಾಣತನ ಇರುವುದು ದೊಡ್ಡ ಅಲುಗಾಟದಲ್ಲಿ ಅಲ್ಲ, ಅದರ ಹಿಂದೆ ಮುಂದೆ ನಡೆಯುವ ಸಣ್ಣ ಪರೀಕ್ಷೆಗಳಲ್ಲಿ. ಮೊದಲು ತುಂಬ ಮೆಲ್ಲಗೆ, ಕಡಿಮೆ ಆವರ್ತನದಿಂದ ಹೆಚ್ಚಿನದರವರೆಗೆ ಅಲ್ಲಾಡಿಸಿ ಉಪಗ್ರಹ ಯಾವ ಯಾವ ಆವರ್ತನದಲ್ಲಿ ಅನುರಣಿಸುತ್ತದೆ ಎಂದು ಗ್ರಾಫ್ ಬರೆದುಕೊಳ್ಳುತ್ತಾರೆ. ಅನುರಣನ ಅಂದರೆ ವಸ್ತು ತನ್ನ ಸಹಜ ಆವರ್ತನ ಸಿಕ್ಕಾಗ ಜೋರಾಗಿ ಕಂಪಿಸುವುದು. ಆಮೇಲೆ ಪೂರ್ತಿ ಜೋರಿನ ಪರೀಕ್ಷೆ. ಅದಾದ ಮೇಲೆ ಮತ್ತೆ ಅದೇ ಮೆಲುವಾದ ಪರೀಕ್ಷೆ. ಮೊದಲಿನ ಗ್ರಾಫೂ ಕೊನೆಯ ಗ್ರಾಫೂ ಒಂದರ ಮೇಲೊಂದು ಕೂರಬೇಕು. ಒಂದು ಶಿಖರ ಜರುಗಿದ್ದರೆ ಒಳಗೆಲ್ಲೋ ಏನೋ ಸಡಿಲವಾಗಿದೆ ಅಥವಾ ಬಿರುಕು ಬಿಟ್ಟಿದೆ ಎಂದರ್ಥ. ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರಲ್ಲ, ಅದೇ ಕೆಲಸ. ಬಿಚ್ಚಿ ನೋಡದೇ ಒಳಗಿನ ಪೆಟ್ಟು ಗೊತ್ತಾಗುತ್ತದೆ. ಕಂಟ್ರೋಲ್ ರೂಮಿನಲ್ಲಿ ಈ ಎರಡು ಗ್ರಾಫ್‌ಗಳ ಉದಾಹರಣೆ ತೋರಿಸಿ ಎಂದು ಕೇಳಿ. ನೀವು ಮಾದರಿ ವಿಮಾನದ ರೆಕ್ಕೆಯ ಮೇಲೂ ಇದನ್ನೇ ಮಾಡಬಹುದು: ಕಷ್ಟದ ಲ್ಯಾಂಡಿಂಗ್ ಆದ ಮೇಲೆ ರೆಕ್ಕೆ ತಟ್ಟಿ, ಕಂಪನ ಅಳೆದು, ಹಳೆಯದರ ಜೊತೆ ಹೋಲಿಸಿ ನೋಡಿ.

ಅಕೌಸ್ಟಿಕ್ ಪರೀಕ್ಷೆ. ರಾಕೆಟ್ ಮೇಲೇಳುವಾಗಿನ ಸದ್ದೇ ಉಪಗ್ರಹಕ್ಕೆ ಹೊಡೆತ. ಸೌರಫಲಕ, ಆಂಟೆನಾ ತಟ್ಟೆಯಂಥ ಅಗಲವಾದ, ಹಗುರಾದ ಭಾಗಗಳು ಆ ಸದ್ದಿಗೆ ಜೋರಾಗಿ ನಡುಗುತ್ತವೆ. ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯೊಳಗೆ ಉಪಗ್ರಹ ಇಟ್ಟು, ನೈಟ್ರೋಜನ್ ಅನಿಲವನ್ನು ದೊಡ್ಡ ಹಾರ್ನ್‌ಗಳ ಮೂಲಕ ಊದಿ ಸದ್ದು ಎಬ್ಬಿಸುತ್ತಾರೆ. ಮಟ್ಟ 140 ಡೆಸಿಬಲ್ ದಾಟುತ್ತದೆ. ಸುಮಾರು 130ರ ಹತ್ತಿರವೇ ಮನುಷ್ಯನ ಕಿವಿ ನೋಯಲು ಶುರು. ನೈಟ್ರೋಜನ್ ತುಂಬಿದ ಕೋಣೆಯಲ್ಲಿ ಉಸಿರಾಡಲು ಆಮ್ಲಜನಕ ಸಾಲದು, ಆದ್ದರಿಂದ ಬಾಗಿಲಿನ ಹತ್ತಿರ ಆಮ್ಲಜನಕ ಅಳೆಯುವ ಮೀಟರು ಕಂಡರೆ ಅದು ಯಾಕೆ ಎಂದು ಈಗ ನಿಮಗೆ ಗೊತ್ತು. ಚಂದ್ರಯಾನ-3ರ ಕಂಪನ ಮತ್ತು ಅಕೌಸ್ಟಿಕ್ ಪರೀಕ್ಷೆಗಳು ಮುಗಿದದ್ದು 2023ರ ಮಾರ್ಚ್ ಮೊದಲ ವಾರ, ಉಡಾವಣೆ ಜುಲೈ 14ಕ್ಕೆ.

ಥರ್ಮೋವ್ಯಾಕ್. ಆ "ದೊಡ್ಡ ಸ್ಟೀಲ್ ಡ್ರಮ್" ಇದೇ. ಥರ್ಮಲ್ ಮತ್ತು ವ್ಯಾಕ್ಯೂಮ್ ಎರಡೂ ಒಟ್ಟಿಗೆ, ಅಂದರೆ ನಿರ್ವಾತದಲ್ಲಿ ಬಿಸಿ ಮತ್ತು ಚಳಿಯ ಪರೀಕ್ಷೆ. ಇದನ್ನು ವಿಮಾನದ ಲೆಕ್ಕದಲ್ಲಿ ಯೋಚಿಸಿ. 35,000 ಅಡಿಯಲ್ಲಿ ಹೊರಗೆ ಸುಮಾರು ಮೈನಸ್ 54 ಡಿಗ್ರಿ, ಗಾಳಿಯ ಒತ್ತಡ ನೆಲಮಟ್ಟದ ಕಾಲು ಭಾಗದಷ್ಟು. ತೆಳುವಾದರೂ ಗಾಳಿ ಇದೆ, ಎಂಜಿನ್ ಮತ್ತು ಉಪಕರಣಗಳ ಬಿಸಿಯನ್ನು ಅದು ಹೊತ್ತೊಯ್ಯುತ್ತದೆ. ಈ ಚೇಂಬರಿನಲ್ಲಿ ಒತ್ತಡವನ್ನು ನೆಲಮಟ್ಟದ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟಕ್ಕೆ ಇಳಿಸುತ್ತಾರೆ. ಬಿಸಿ ಹೊತ್ತೊಯ್ಯಲು ಗಾಳಿಯೇ ಇಲ್ಲ. ಫ್ಯಾನ್ ಹಾಕಿದರೂ ಪ್ರಯೋಜನ ಇಲ್ಲ. ಶಾಖ ಹೋಗಬೇಕಾದರೆ ಲೋಹದ ಮೂಲಕ ಹರಿದು, ಮೇಲ್ಮೈಯಿಂದ ವಿಕಿರಣವಾಗಿಯೇ ಹೋಗಬೇಕು. ಚೇಂಬರಿನ ಒಳಗೋಡೆಗೆ ಕಪ್ಪು ಬಣ್ಣದ ಹೊದಿಕೆ ಇರುತ್ತದೆ, ಅದರೊಳಗೆ ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ ಹರಿಸಿ ಬಾಹ್ಯಾಕಾಶದ ಚಳಿಯನ್ನು ತರುತ್ತಾರೆ. ಬಿಸಿಲಿನ ಬದಲು ಹೀಟರು ಅಥವಾ ದೀಪಗಳು.

ಪರೀಕ್ಷೆ ಹಗಲು ರಾತ್ರಿ, ದಿನಗಟ್ಟಲೆ ನಡೆಯುತ್ತದೆ. ಆ ಹೊತ್ತಿನಲ್ಲಿ ಹೋದರೆ ಚೇಂಬರ್ ಮುಚ್ಚಿರುತ್ತದೆ, ನಿಮಗೆ ಕಾಣುವುದು ಕಂಟ್ರೋಲ್ ರೂಮಿನ ಪರದೆಗಳು ಮಾತ್ರ. ಬೇಸರ ಮಾಡಿಕೊಳ್ಳಬೇಡಿ, ಅಲ್ಲೇ ಒಳ್ಳೆಯ ಪ್ರಶ್ನೆ ಕೇಳಲು ಸಾಧ್ಯ. ಒಂದು ಪ್ರಶ್ನೆ ನಾನೇ ಕೊಡುತ್ತೇನೆ: ಗಾಳಿ ತೆಗೆಯುತ್ತಿರುವಾಗ ಹೆಚ್ಚು ವೋಲ್ಟೇಜಿನ ಉಪಕರಣಗಳನ್ನು ಯಾಕೆ ಆರಿಸಿಡುತ್ತಾರೆ? ಪೂರ್ತಿ ಗಾಳಿ ಇದ್ದಾಗಲೂ ಪೂರ್ತಿ ನಿರ್ವಾತದಲ್ಲೂ ಕಿಡಿ ಹಾರುವುದು ಕಷ್ಟ. ಮಧ್ಯದ ಒತ್ತಡದಲ್ಲಿ ಸುಲಭ. ಒತ್ತಡ ಆ ಅಪಾಯದ ಹಂತವನ್ನು ದಾಟುವ ತನಕ ಕಾಯುತ್ತಾರೆ. ಈ ಪ್ರಶ್ನೆಯಿಂದ ಶುರು ಮಾಡಿದರೆ ಎಂಜಿನಿಯರ್‌ಗಳು ಖುಷಿಯಿಂದ ಮಾತಾಡುತ್ತಾರೆ.

ಸದ್ದಿಲ್ಲದ ಕೋಣೆಗಳು. ಗೋಡೆ ತುಂಬ ನೀಲಿ ಅಥವಾ ಕಪ್ಪು ಮೊನೆಗಳಿರುವ ಕೋಣೆ ಆಂಟೆನಾ ಪರೀಕ್ಷೆಗೆ. ಆ ಮೊನೆಗಳು ಇಂಗಾಲ ಸೇರಿಸಿದ ಫೋಮ್, ರೇಡಿಯೊ ಅಲೆಗಳು ಗೋಡೆಗೆ ಬಡಿದು ವಾಪಸ್ ಬಾರದಂತೆ ಹೀರಿಕೊಳ್ಳುತ್ತವೆ. ಇಎಂಐ-ಇಎಂಸಿ ಪರೀಕ್ಷೆ ಎಂದರೆ ಒಂದು ಉಪಕರಣದ ವಿದ್ಯುತ್ಕಾಂತೀಯ ಗಲಾಟೆ ಇನ್ನೊಂದಕ್ಕೆ ತೊಂದರೆ ಕೊಡುತ್ತದಾ ಎಂದು ನೋಡುವುದು. ವಿಮಾನದಲ್ಲಿ ಫೋನ್ ಫ್ಲೈಟ್ ಮೋಡ್‌ಗೆ ಹಾಕಿ ಎನ್ನುವುದರ ಹಿಂದೆಯೂ ಇದೇ ಚಿಂತೆ. ಚಂದ್ರಯಾನ-3ರ ಲ್ಯಾಂಡರಿಗೆ ಈ ಪರೀಕ್ಷೆ ನಡೆದದ್ದು ಇದೇ ಯು. ಆರ್. ರಾವ್ ಕೇಂದ್ರದಲ್ಲಿ, 2023ರ ಜನವರಿ 31ರಿಂದ ಫೆಬ್ರವರಿ 2ರವರೆಗೆ.

ಸೌರಫಲಕ ಬಿಚ್ಚುವ ಪರೀಕ್ಷೆ ಸಿಕ್ಕರೆ ನಿಮ್ಮ ಅದೃಷ್ಟ. ಫಲಕಗಳನ್ನು ಮೇಲಿನ ಹಳಿಯಿಂದ ದಾರ ಕಟ್ಟಿ ನೇತುಹಾಕಿರುತ್ತಾರೆ, ಯಾಕೆಂದರೆ ತೂಕವಿಲ್ಲದ ಕಡೆ ಬಿಚ್ಚಿಕೊಳ್ಳಲು ಮಾಡಿದ ಆ ಕೀಲುಗಳು ಭೂಮಿಯ ಮೇಲೆ ತಮ್ಮ ತೂಕವನ್ನು ತಾವೇ ಹೊರಲಾರವು.

7. ವಿಮಾನ ಮತ್ತು ಬಾಹ್ಯಾಕಾಶ ಸೇರುವ ಪ್ರಶ್ನೆಗಳನ್ನು ಕೇಳಿ

ಸಂಬಳ ಎಷ್ಟು, ಕೆಲಸಕ್ಕೆ ಸೇರುವುದು ಹೇಗೆ ಎನ್ನುವ ಪ್ರಶ್ನೆಗಳಿಗೆ ಉತ್ತರ ಜಾಲತಾಣದಲ್ಲೇ ಇದೆ. ಅಲ್ಲಿರುವವರ ಸಮಯವನ್ನು ಅವರಷ್ಟೇ ಹೇಳಬಲ್ಲ ವಿಷಯಕ್ಕೆ ಬಳಸಿಕೊಳ್ಳಿ. ಚಳ್ಳಕೆರೆಯ ಪರೀಕ್ಷೆಗಳನ್ನು ಓದಿಕೊಂಡು ಹೋದರೆ ನಿಮ್ಮ ಪ್ರಶ್ನೆಗೆ ತೂಕ ಬರುತ್ತದೆ. ಅಲ್ಲಿನ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯ ವಾಹನವನ್ನು (ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಮಾದರಿ) ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಎಂಜಿನ್ ಇಲ್ಲದೆ, ಪೈಲಟ್ ಇಲ್ಲದೆ ಅದು ತಾನೇ ದಾರಿ ಹುಡುಕಿ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ 22 ಮತ್ತು ಜೂನ್ 23ರಂದು ಪುಷ್ಪಕ್ ಹೆಸರಿನಲ್ಲಿ ಇನ್ನೂ ಕಷ್ಟದ ಸ್ಥಿತಿಯಲ್ಲಿ ಮತ್ತೆರಡು ಸಲ ಇಳಿಯಿತು. ಕೊನೆಯ ಸಲ ಇಳಿಯುವ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು, ಪ್ರಯಾಣಿಕ ವಿಮಾನ ಇಳಿಯುವುದು ಸುಮಾರು 260ರಲ್ಲಿ. ಬ್ರೇಕ್ ಪ್ಯಾರಾಚೂಟ್ ಅದನ್ನು 100ರ ಹತ್ತಿರಕ್ಕೆ ತಂದ ಮೇಲೆ ಚಕ್ರದ ಬ್ರೇಕ್ ಕೆಲಸ ಶುರು. ಇಷ್ಟು ಸಣ್ಣ ರೆಕ್ಕೆ ಯಾಕೆ, ಫ್ಲೇರ್ ಯಾವಾಗ ಶುರು, ಟೈರ್ ಹೇಗೆ ತಡೆಯಿತು? ಫ್ಲೇರ್ ಅಂದರೆ ನೆಲ ಮುಟ್ಟುವ ಮುಂಚೆ ಮೂಗು ಮೇಲೆತ್ತಿ ಇಳಿಯುವ ವೇಗ ತಗ್ಗಿಸುವುದು. ಇಂಥ ಪ್ರಶ್ನೆಗಳನ್ನು ಏರೋ ಕ್ಲಬ್‌ನವರು ಬಿಟ್ಟು ಬೇರೆ ಯಾರು ಕೇಳಬೇಕು?

ಚಂದ್ರಯಾನ-3ರ ಲ್ಯಾಂಡರಿನ ಸಂವೇದಕಗಳನ್ನು ಹೆಲಿಕಾಪ್ಟರಿಗೆ ಕಟ್ಟಿ ಹಾರಿಸಿ ಪರೀಕ್ಷಿಸಿದ್ದನ್ನೂ, ಎಂಜಿನ್ ಉರಿಸುವ ಪರೀಕ್ಷೆಗೆ ಟವರ್ ಕ್ರೇನ್ ಬಳಸಿದ್ದನ್ನೂ ಕೇಳಿ. ಎರಡೂ ಸೊಗಸಾದ ಉಪಾಯಗಳು.

ಒಂದು ಶಿಸ್ತು ಇರಲಿ. "ಅದನ್ನು ಹೇಳಲು ಆಗುವುದಿಲ್ಲ" ಅಂದರೆ ಅಲ್ಲಿಗೆ ಬಿಡಿ, ಸುತ್ತಿ ಬಳಸಿ ಮತ್ತೆ ಕೇಳಬೇಡಿ. ಯಾವುದನ್ನೂ ಮುಟ್ಟಬೇಡಿ, ಗಾಜಿಗೆ ಒರಗಬೇಡಿ.

8. ವಾಪಸ್ ಬಂದ ಮೇಲೆ

ಬಸ್ಸಿನಲ್ಲೇ ಎಲ್ಲರೂ ತಮಗೆ ಹಂಚಿದ ಪರೀಕ್ಷೆಯ ಬಗ್ಗೆ ಬರೆದುಬಿಡಿ, ಮರುದಿನಕ್ಕೆ ಇಟ್ಟರೆ ಅರ್ಧ ಮರೆತಿರುತ್ತದೆ. ಒಂದು ವಾರದೊಳಗೆ ಧನ್ಯವಾದದ ಪತ್ರ ಕಳಿಸಿ, ಯಾವ ವಿವರಣೆಯಿಂದ ನಿಮ್ಮ ಕ್ಲಬ್ಬಿನ ಯಾವ ಕೆಲಸಕ್ಕೆ ಸಹಾಯವಾಯಿತು ಎಂದು ಅದರಲ್ಲಿ ಬರೆಯಿರಿ. ಒಳಗೆ ಕಂಡ ಉಪಗ್ರಹ ಯಾವುದು, ಯಾವ ಹಂತದಲ್ಲಿತ್ತು ಎನ್ನುವುದನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಹಾಕಬೇಕೆಂದೇ ಇದ್ದರೆ ಮೊದಲು ಕೇಂದ್ರದವರನ್ನು ಕೇಳಿ.

9. ಅನುಮತಿ ಸಿಗದಿದ್ದರೆ

ಸಿಗದಿರುವುದು ಸಾಮಾನ್ಯ, ಅದರಿಂದ ಕ್ಲಬ್ಬಿನ ವರ್ಷ ಹಾಳಾಗಬೇಕಿಲ್ಲ. ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನ ಮತ್ತು ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಬಾಹ್ಯಾಕಾಶ ಸಪ್ತಾಹದ ಹೊತ್ತಿಗೆ ಇಸ್ರೋ ಕೇಂದ್ರಗಳು ವಿದ್ಯಾರ್ಥಿಗಳಿಗಾಗಿ ಕಾರ್ಯಕ್ರಮ, ಪ್ರದರ್ಶನ ಮಾಡುತ್ತವೆ. ಆ ಪ್ರಕಟಣೆಗಳಿಗೆ ಜುಲೈಯಿಂದಲೇ ಕಣ್ಣಿಡಿ. ಸೆಪ್ಟೆಂಬರ್ 26 ಸಿಎಸ್‌ಐಆರ್ ಸ್ಥಾಪನಾ ದಿನ, ಅದರ ಆಸುಪಾಸು ಎನ್‌ಎಎಲ್‌ನಲ್ಲಿ ಮುಕ್ತ ದಿನ ಇದೆಯಾ ವಿಚಾರಿಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಫೆಬ್ರವರಿ-ಮಾರ್ಚ್‌ನಲ್ಲಿ ನಡೆಯುತ್ತದೆ. ಆ ದಿನ ಸಾರ್ವಜನಿಕರೆಲ್ಲರಿಗೂ ಬಾಗಿಲು ತೆರೆದಿರುತ್ತದೆ, ನಿಮ್ಮ ಥರದವರು ನೇರವಾಗಿ ಏರೋಸ್ಪೇಸ್ ವಿಭಾಗಕ್ಕೆ ನಡೆಯಿರಿ. ಅಲ್ಲಿನ 14 ಅಡಿ ಅಗಲ, 9 ಅಡಿ ಎತ್ತರದ ಹಳೆಯ ವಿಂಡ್ ಟನಲ್ಲನ್ನು ನೋಡಲೇಬೇಕು. ಎಚ್‌ಎಎಲ್ ಹೆರಿಟೇಜ್ ಸೆಂಟರ್ ಯಾವ ಅರ್ಜಿಯೂ ಇಲ್ಲದೆ, ಟಿಕೆಟ್ ಪಡೆದು ನೋಡಬಹುದಾದ ಜಾಗ. ಮಾರುತ್, ಎಚ್‌ಟಿ-2 ಥರದ ವಿಮಾನಗಳ ಪಕ್ಕ ನಿಂತು ರಿವೆಟ್ ಎಣಿಸುವಷ್ಟು ಹತ್ತಿರ ಹೋಗಬಹುದು. ಕ್ಲಬ್ಬಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿದ್ದರೆ ಇಸ್ರೋದ ಯುವಿಕಾ ಕಾರ್ಯಕ್ರಮಕ್ಕೆ ಆನ್‌ಲೈನ್ ಅರ್ಜಿ ಹಾಕಿಸಿ, 2019ರಲ್ಲಿ ಶುರುವಾದದ್ದು ಅದು, ಆಯ್ಕೆಯಾದವರು ದಿನಗಟ್ಟಲೆ ಇಸ್ರೋ ಕೇಂದ್ರದಲ್ಲೇ ಇದ್ದು ಕಲಿಯುತ್ತಾರೆ.

ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ. ಈ ವರ್ಷ ಕಳಿಸಿದ ಪತ್ರ, ಬಂದ ಉತ್ತರ, ಪಟ್ಟಿಯ ಮಾದರಿ ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟು ಹೊಸ ಕಾರ್ಯದರ್ಶಿಯ ಕೈಗೆ ಕೊಡಿ. ಕಾಲೇಜು ಕ್ಲಬ್ಬುಗಳಲ್ಲಿ ಹಿರಿಯರು ಪಾಸಾಗಿ ಹೋದಾಗ ಈ ಕಾಗದಗಳೂ ಅವರ ಜೊತೆಗೇ ಹೋಗಿಬಿಡುತ್ತವೆ, ಹೊಸಬರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ.